ಎಂಜಿನಿಯರ್‌ಗೂ ಬೇಕು ಆಸ್ಪತ್ರೆಯ ವಾರ್ಡು

ಬಯೋಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಬೇಕೆಂದಿದ್ದರೆ ಕಾಲೇಜಿನ ರ‍್ಯಾಂಕಿಗಿಂತ ಮೊದಲು, ಅದಕ್ಕೂ ಆಸ್ಪತ್ರೆಗೂ ಎಂಥ ನಂಟಿದೆ ಎಂದು ವಿಚಾರಿಸಿ. ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯ ಕೃತಕ ಹೃದಯ ಕವಾಟವನ್ನೇ ನೋಡಿ. ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ತಯಾರಾದ ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಿದರು. ಇಂದು ಅದನ್ನು ಪಡೆದವರು ಒಂದು ಲಕ್ಷಕ್ಕೂ ಹೆಚ್ಚು. ಅಷ್ಟು ಸೋಲನ್ನು ತಾಳಿಕೊಂಡು ತಿದ್ದಲು ಸಾಧ್ಯವಾದದ್ದು, ನನ್ನ ಪ್ರಕಾರ, ಲೋಹ-ಪ್ಲಾಸ್ಟಿಕ್ ಬಲ್ಲ ಎಂಜಿನಿಯರುಗಳೂ ರೋಗಿಯ ಎದೆ ತೆರೆದು ನೋಡಿದ ವೈದ್ಯರೂ ಒಂದೇ ಸಂಸ್ಥೆಯಲ್ಲಿದ್ದುದರಿಂದ. ಕವಾಟ ದಿನಕ್ಕೆ ಸುಮಾರು ಒಂದು ಲಕ್ಷ ಸಲ ತೆರೆದು ಮುಚ್ಚಬೇಕು, ಸವೆಯಬಾರದು, ರಕ್ತ ಹೆಪ್ಪುಗಟ್ಟಿಸಬಾರದು. ಇದನ್ನು ಕಂಪ್ಯೂಟರ್ ಪರದೆಯೊಂದೇ ಕಲಿಸಲಾರದು.

ಬಯೋಎಂಜಿನಿಯರಿಂಗ್‌ನಲ್ಲಿ ಕೆಲಸ ಎಲ್ಲಿದೆ, ಸಾಫ್ಟ್‌ವೇರೇ ವಾಸಿ ಎನ್ನುವವರಿದ್ದಾರೆ. ಸಂಬಳದ ಮಟ್ಟಿಗೆ ಆ ಮಾತನ್ನು ತಳ್ಳಿಹಾಕಲಾಗದು. ಆದರೆ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಬಂದ ಮೇಲೆ ತಯಾರಕರು ಸುರಕ್ಷತೆ, ಗುಣಮಟ್ಟಗಳಿಗೆ ದಾಖಲೆ ಸಮೇತ ಪುರಾವೆ ಒದಗಿಸಬೇಕು. ಅದಕ್ಕೆ ಬೇಕಾದ ಪರೀಕ್ಷೆಗಳ ಒಳಹೊರಗು ಬಲ್ಲವರಿಲ್ಲದೆ ಅದು ಆಗುವ ಕೆಲಸವಲ್ಲ. ಹಾಗಾಗಿ ಶುಲ್ಕ ಕಟ್ಟುವ ಮುನ್ನ ಕಾಲೇಜಿನ ಆ ವಿಭಾಗದ ಹಳೆಯ ಪ್ರಬಂಧಗಳನ್ನು ತೆರೆದು, ಮಾರ್ಗದರ್ಶಕರಲ್ಲಿ ವೈದ್ಯರ ಹೆಸರಿದೆಯೇ ನೋಡಿ.