ಬ್ರಿಟನ್ ಬೇರೆ ಮನೆ ಮಾಡಿದ ಕಥೆ

ಮಕ್ಕಳೇ, ಕೂಡು ಕುಟುಂಬ ಪಾಲಾಗುವಾಗ ಏನೇನು ನಡೆಯುತ್ತಿತ್ತು ಎಂದು ನಿಮ್ಮ ತಾತನನ್ನೋ ಅಜ್ಜಿಯನ್ನೋ ಕೇಳಿ ನೋಡಿ. ಹೊಲ ಯಾರಿಗೆ, ಬಾವಿಯ ನೀರು ಯಾರಿಗೆ ಎಷ್ಟು ದಿನ, ಸಾಲ ತೀರಿಸುವವರು ಯಾರು? ಹಿರಿಯರು ಕೂತು ಮಾತಾಡಿ, ಪಾಲುಪಟ್ಟಿ ಬರೆಸಿದ ಮೇಲೆಯೇ ಒಲೆ ಬೇರೆಯಾಗುತ್ತಿತ್ತು. "ನಾನು ಬೇರೆ ಹೋಗ್ತೀನಿ" ಎನ್ನಲು ಒಂದು ನಿಮಿಷ ಸಾಕು. ನಿಜವಾಗಿ ಬೇರೆಯಾಗಲು ವರ್ಷಗಳೇ ಬೇಕಾಗಬಹುದು.

ಒಂದು ದೇಶವೇ ಹೀಗೆ ಬೇರೆ ಹೋದರೆ? ಬ್ರಿಟನ್ ಹೋಯಿತು.

ಯೂರೋಪಿನ ಹಲವು ದೇಶಗಳು ಸೇರಿ ಕಟ್ಟಿಕೊಂಡ ದೊಡ್ಡ ಮನೆ ಐರೋಪ್ಯ ಒಕ್ಕೂಟ. ಅಲ್ಲಿ ಒಂದು ದೇಶದ ಸರಕು ಸುಂಕವಿಲ್ಲದೆ ಇನ್ನೊಂದು ದೇಶಕ್ಕೆ ಹೋಗುತ್ತದೆ. ಒಂದು ದೇಶದವರು ಇನ್ನೊಂದರಲ್ಲಿ ದುಡಿಯಬಹುದು, ನೆಲೆಸಬಹುದು. ಬ್ರಿಟನ್ ಈ ಮನೆ ಸೇರಿದ್ದು 1973ರ ಜನವರಿ 1ರಂದು. ಅದಕ್ಕಾಗಿ 1972ರಲ್ಲೇ ಒಂದು ಕಾಯ್ದೆ ಮಾಡಿತ್ತು. ಆ ಬಾಗಿಲಿನಿಂದಲೇ ಯೂರೋಪಿನ ಕಾನೂನುಗಳು ಬ್ರಿಟನ್ನಿನೊಳಗೆ ಬಂದವು. ಮಕ್ಕಳ ಆಟಿಕೆ ಎಷ್ಟು ಸುರಕ್ಷಿತವಾಗಿರಬೇಕು, ಈಜುವ ಕಡಲತೀರದ ನೀರು ಎಷ್ಟು ಶುದ್ಧವಾಗಿರಬೇಕು ಎಂಬುದಕ್ಕೂ ಅಲ್ಲಿಂದಲೇ ನಿಯಮ ಬಂತು.

2016ರ ಜೂನ್ 23ರಂದು ಜನರನ್ನೇ ಕೇಳಲಾಯಿತು: ಇರೋಣವೋ, ಹೊರಡೋಣವೋ? ನೂರರಲ್ಲಿ ಸುಮಾರು 52 ಮತ ಹೊರಡುವುದಕ್ಕೆ, 48 ಇರುವುದಕ್ಕೆ ಬಿದ್ದವು.

ಹಾಗಾದರೆ ಪ್ರಧಾನಿ ಒಂದು ಕಾಗದ ಬರೆದರೆ ಮುಗಿಯಿತಲ್ಲವೇ? ಇಲ್ಲ, ಮೊದಲು ಸಂಸತ್ತು ಒಪ್ಪಬೇಕು ಎಂದು 2017ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಸಂಸತ್ತು ಪುಟ್ಟದೊಂದು ಕಾಯ್ದೆ ಮಾಡಿತು. ಅದರಲ್ಲಿದ್ದದ್ದು ಎರಡೇ ಕಲಮು! ಮಾರ್ಚ್ 29ರಂದು ಪತ್ರ ಹೋಯಿತು.

ನಿಜವಾದ ತಲೆನೋವು ಶುರುವಾದದ್ದು ಆಮೇಲೆ. 1972ರ ಕಾಯ್ದೆಯನ್ನು ರದ್ದು ಮಾಡಿದರೆ ಅದರ ಜೊತೆ ಬಂದ ಸಾವಿರಾರು ನಿಯಮಗಳೂ ರಾತ್ರೋರಾತ್ರಿ ಬಿದ್ದುಹೋಗುತ್ತವೆ. ಬೆಳಿಗ್ಗೆ ಎದ್ದರೆ ಆಟಿಕೆಗೆ ನಿಯಮವಿಲ್ಲ, ನೀರಿಗೂ ಇಲ್ಲ! ಅದಕ್ಕೆ 2018ರ ಕಾಯ್ದೆ ಒಂದು ಉಪಾಯ ಮಾಡಿತು. ಒಂದು ಕೈಯಲ್ಲಿ ಹಳೆಯ ಕಾಯ್ದೆಯನ್ನು ರದ್ದು ಮಾಡಿ, ಇನ್ನೊಂದು ಕೈಯಲ್ಲಿ ಆ ನಿಯಮಗಳನ್ನು ಬ್ರಿಟನ್ನಿನ ಸ್ವಂತ ಕಾನೂನಾಗಿ ಉಳಿಸಿಕೊಂಡಿತು. ಬೇಡವಾದದ್ದನ್ನು ಮುಂದೆ ನಿಧಾನವಾಗಿ ಬದಲಿಸಿಕೊಳ್ಳಬಹುದು. ಹೊಸ ಮನೆಗೆ ಹೋಗುವಾಗ ಹಳೆಯ ಪಾತ್ರೆ ಪಗಡೆ ಕಟ್ಟಿಕೊಂಡು ಹೋದ ಹಾಗೆ.

ಹೊರಡುವ ಮುಹೂರ್ತವೂ ಆ ಕಾಯ್ದೆಯಲ್ಲೇ ಇತ್ತು: 2019ರ ಮಾರ್ಚ್ 29, ರಾತ್ರಿ 11 ಗಂಟೆ. ಹನ್ನೊಂದೇ ಏಕೆ? ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸ್‌ನ ಗಡಿಯಾರ ಒಂದು ಗಂಟೆ ಮುಂದಿದೆ. ಆಗ ಅಲ್ಲಿ ನಡುರಾತ್ರಿ.

ಆದರೆ ಮುಹೂರ್ತ ತಪ್ಪಿತು. ಪ್ರಧಾನಿ ತೆರೇಸಾ ಮೇ ತಂದ ಒಪ್ಪಂದವನ್ನು ಸಂಸದರು ಒಪ್ಪಲಿಲ್ಲ. ಅಲ್ಲಿ ಮತ ಹಾಕಲು ಎದ್ದು ನಡೆಯಬೇಕು. 'ಹೌದು' ಎನ್ನುವವರಿಗೆ ಒಂದು ಮೊಗಸಾಲೆ, 'ಇಲ್ಲ' ಎನ್ನುವವರಿಗೆ ಇನ್ನೊಂದು. ಅಲ್ಲಿ ತಲೆ ಎಣಿಸುತ್ತಾರೆ. 2019ರ ಜನವರಿ 15ರಂದು 'ಹೌದು' 202, 'ಇಲ್ಲ' 432! ಆಮೇಲೂ ಎರಡು ಸಲ ಸೋಲಾಯಿತು. ಹೊರಡುವ ದಿನ ಮೂರು ಸಲ ಮುಂದಕ್ಕೆ ಹೋಯಿತು.

ಈ ಎಳೆದಾಟದಲ್ಲಿ ಕಳವಳಪಟ್ಟವರು ಜನಸಾಮಾನ್ಯರು. ಬ್ರಿಟನ್ನಿನಲ್ಲಿ ನೆಲೆಸಿದ್ದ ಯೂರೋಪಿನವರೇ ಮೂವತ್ತು ಲಕ್ಷಕ್ಕೂ ಹೆಚ್ಚು. ನಾವು ಇಲ್ಲೇ ಇರಬಹುದೇ, ಮಕ್ಕಳ ಶಾಲೆ ಏನಾದೀತು ಎಂಬ ಚಿಂತೆ ಅವರಿಗೆ. ಸ್ಪೇನ್‌ನಲ್ಲಿ ನೆಲೆಸಿದ್ದ ಬ್ರಿಟನ್ನಿನ ಅಜ್ಜ ಅಜ್ಜಿಯರಿಗೂ ಅದೇ ಚಿಂತೆ.

ಮೇ ರಾಜೀನಾಮೆ ಕೊಟ್ಟರು. ಬೋರಿಸ್ ಜಾನ್ಸನ್ ಪ್ರಧಾನಿಯಾದರು. ಮತ್ತೆ ಚುನಾವಣೆ ನಡೆಯಿತು. ಕೊನೆಗೆ 2020ರ ಜನವರಿ 23ರಂದು ಇನ್ನೊಂದು ಕಾಯ್ದೆಗೆ ರಾಣಿಯ ಅಂಕಿತ ಬಿತ್ತು. ಪಾಲುಪಟ್ಟಿ ಅಂದರೆ ಇದೇ. ಒಕ್ಕೂಟಕ್ಕೆ ಕೊಡಬೇಕಾದ ಬಾಕಿಯ ಲೆಕ್ಕಕ್ಕೆ ಇದರಲ್ಲಿ ದಾರಿಯಾಯಿತು. ಆಗಲೇ ನೆಲೆಸಿದ್ದವರು ಅರ್ಜಿ ಹಾಕಿ ಅಲ್ಲೇ ಉಳಿಯಲೂ ದಾರಿಯಾಯಿತು.

ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಬಂತು. ಆದರೂ ಎಲ್ಲರೂ ಹೊಂದಿಕೊಳ್ಳಲೆಂದು ಆ ವರ್ಷದ ಡಿಸೆಂಬರ್ 31ರವರೆಗೆ ಹಳೆಯ ನಿಯಮಗಳೇ ನಡೆದವು.

ಹೋದದ್ದು ಸರಿಯೋ ತಪ್ಪೋ ಎಂದು ಅಲ್ಲಿನವರು ಇಂದಿಗೂ ವಾದಿಸುತ್ತಾರೆ. ನಮಗೆ ತಿಳಿಯಬೇಕಾದದ್ದು ಇಷ್ಟು: ಮತ ಹಾಕುವುದು ಒಂದು ದಿನದ ಕೆಲಸ. ಮರುದಿನ ಯಾರೂ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಕಾನೂನಿನ ಕೆಲಸ, ಅದಕ್ಕೆ ತಾಳ್ಮೆ ಬೇಕು. ಪಾಲುಪಟ್ಟಿ ಬರೆಸಿದ ನಿಮ್ಮ ತಾತನಿಗೆ ಇದು ಗೊತ್ತಿರುತ್ತದೆ, ಕೇಳಿ ನೋಡಿ.