ಒಳಗಿನದನ್ನು ಮರೆಯಬೇಡಿ: ಸೈನ್, ಕಾಸ್ ಮತ್ತು ಚೈನ್ ರೂಲ್

ಸೈನ್ ಎಕ್ಸ್‌ನ ಡೆರಿವೇಟಿವ್ ಕಾಸ್ ಎಕ್ಸ್. ಇದನ್ನು ಪಿಯುಸಿಯಲ್ಲೇ ಉರು ಹೊಡೆದು ಬಂದಿರುತ್ತೇವೆ. ಆದರೆ ಎಕ್ಸ್ ಇದ್ದ ಜಾಗದಲ್ಲಿ 3ಎಕ್ಸ್ ಬಂದು ಕೂತರೆ? ಮಿಡ್‌ಟರ್ಮ್‌ನಲ್ಲಿ ಮಾರ್ಕು ಸೋರಿಹೋಗೋದು ಇಲ್ಲೇ. ಬರೀ ಕಾಸ್(3ಎಕ್ಸ್) ಅಂತ ಬರೆದರೆ ಉತ್ತರ ಅರ್ಧವಷ್ಟೇ.

ಎಕ್ಸ್ ಒಂದು ಹೆಜ್ಜೆ ಇಟ್ಟರೆ 3ಎಕ್ಸ್ ಮೂರು ಹೆಜ್ಜೆ ಇಡುತ್ತದೆ. ಹಾಗಾಗಿ ಸೈನ್ ಅಲೆ ಮೂರು ಪಟ್ಟು ಬೇಗ ಏರಿಳಿಯುತ್ತದೆ, ಅದರ ಇಳಿಜಾರೂ ಮೂರು ಪಟ್ಟು. ಉತ್ತರ 3 ಕಾಸ್(3ಎಕ್ಸ್). ಚೈನ್ ರೂಲ್ ಅಂದರೆ ಇಷ್ಟೇ: ಹೊರಗಿನದರ ಡೆರಿವೇಟಿವ್ ತೆಗೆಯಿರಿ, ಒಳಗಿನದನ್ನು ಇದ್ದ ಹಾಗೇ ಬಿಡಿ, ಆಮೇಲೆ ಒಳಗಿನದರ ಡೆರಿವೇಟಿವ್‌ನಿಂದ ಗುಣಿಸಿ. ತೆಂಗಿನಕಾಯಿ ಸುಲಿದ ಹಾಗೆ, ಮೊದಲು ಸಿಪ್ಪೆ, ಆಮೇಲೆ ಕರಟ.

ಯಾವುದು ಹೊರಗೆ, ಯಾವುದು ಒಳಗೆ ಅನ್ನೋದೇ ನಿಜವಾದ ಪ್ರಶ್ನೆ. ಸೈನ್(ಎಕ್ಸ್²)ನಲ್ಲಿ ವರ್ಗ ಒಳಗಿದೆ. ಉತ್ತರ 2ಎಕ್ಸ್ ಕಾಸ್(ಎಕ್ಸ್²). ಸೈನ್²ಎಕ್ಸ್‌ನಲ್ಲಿ ವರ್ಗವೇ ಹೊರಗಿನ ಸಿಪ್ಪೆ. ಉತ್ತರ 2 ಸೈನ್ ಎಕ್ಸ್ ಕಾಸ್ ಎಕ್ಸ್. ನೋಡೋಕೆ ಅವಳಿ ಮಕ್ಕಳು, ಸ್ವಭಾವ ಬೇರೆ. ಸೈನ್²(5ಎಕ್ಸ್) ಬಂದರೆ ಪದರ ಮೂರು: ವರ್ಗದಿಂದ 2 ಸೈನ್(5ಎಕ್ಸ್), ಸೈನ್‌ನಿಂದ ಕಾಸ್(5ಎಕ್ಸ್), ಕೊನೆಗೆ 5. ಎಲ್ಲ ಗುಣಿಸಿದರೆ 10 ಸೈನ್(5ಎಕ್ಸ್) ಕಾಸ್(5ಎಕ್ಸ್).

ಇನ್ನೊಂದು ಮಾತು. ಈ ಸೂತ್ರಗಳೆಲ್ಲ ರೇಡಿಯನ್‌ನಲ್ಲಿ ಮಾತ್ರ ಸರಿ. ಕೋನ ಡಿಗ್ರಿಯಲ್ಲಿದ್ದರೆ ಒಳಗೆ ಪೈ/180 ಅಡಗಿ ಕೂತಿರುತ್ತದೆ, ಚೈನ್ ರೂಲ್ ಅದನ್ನು ಹೊರಗೆಳೆಯುತ್ತದೆ.

ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿ ಹೇಳುವಾಗ, ಜ್ಯಾ ಬದಲಾಗುವುದು ಕೋಟಿಜ್ಯಾಕ್ಕೆ ಅನುಗುಣವಾಗಿ ಎಂದು ಬಳಸಿಕೊಂಡಿದ್ದಾರೆ. ಜ್ಯಾ ಅಂದರೆ ನಮ್ಮ ಸೈನ್, ಕೋಟಿಜ್ಯಾ ಕಾಸ್. ಚೈನ್ ರೂಲ್ ಅನ್ನೋ ಹೆಸರು ಅಲ್ಲಿಲ್ಲ. ಆದರೆ ಕೋನ ಬದಲಾಗುವ ವೇಗದಿಂದ ಗುಣಿಸುವ ಕೆಲಸ ಇದೆ.

ಇದರಿಂದ ಏನು ಪ್ರಯೋಜನ ಅಂತ ಕೇಳೋರಿಗೆ ಲಂಡನ್ನಿನ ಹಗಲೇ ಉತ್ತರ. ಮಾರ್ಚ್ 20ರಿಂದ ದಿನ ಎಣಿಸಿದರೆ, ಟಿ ದಿನಗಳ ನಂತರ ಹಗಲು ಹತ್ತಿರ ಹತ್ತಿರ 12 + 4.4 ಸೈನ್(2ಪೈ ಟಿ/365) ಗಂಟೆ. ಡೆರಿವೇಟಿವ್ ತೆಗೆದರೆ ಒಳಗಿನ 2ಪೈ/365, ಅಂದರೆ ಸುಮಾರು 0.0172, ಹೊರಗೆ ಬರುತ್ತದೆ. ಅದನ್ನು 4.4ರಿಂದ ಗುಣಿಸಿದರೆ ದಿನಕ್ಕೆ ಸುಮಾರು ನಾಲ್ಕೂವರೆ ನಿಮಿಷ. ಹಗಲು ಅಚ್ಚುಕಟ್ಟಾದ ಸೈನ್ ಅಲೆಯಲ್ಲ, ಹಾಗಾಗಿ ನಿಜದಲ್ಲಿ ಇದು 4 ನಿಮಿಷದ ಆಸುಪಾಸು. ಸೆಪ್ಟೆಂಬರ್ ಕೊನೆಯಲ್ಲಿ, ನಾವು ಸೂಟ್‌ಕೇಸ್ ಬಿಚ್ಚುವ ಹೊತ್ತಿಗೆ, ಕಾಸ್‌ನ ಬೆಲೆ ಮೈನಸ್ 1. ಹಗಲು ಅತಿ ಬೇಗ ಕರಗೋದು ಆಗಲೇ. ಬೆಂಗಳೂರಿನಲ್ಲಿ 4.4 ಗಂಟೆಯ ಜಾಗದಲ್ಲಿ ಸುಮಾರು ಮುಕ್ಕಾಲು ಗಂಟೆ ಹಾಕಿ ನೋಡಿ: ದಿನಕ್ಕೆ ಒಂದು ನಿಮಿಷವೂ ಬದಲಾಗೋದಿಲ್ಲ. ಊರಲ್ಲಿ ಇದು ನಮ್ಮ ಗಮನಕ್ಕೇ ಬಾರದೆ ಇದ್ದದ್ದು ಅದಕ್ಕೇ.