ಒಳ್ಳೆಯ ದನಿ, ಹೊರಬರಲು ಬಾಗಿಲಿಲ್ಲ

ಹಳೆಯ ಟಿ.ವಿ.ಯ ಹಿಂಬದಿ ತಿರುಗಿಸಿ ನೋಡಿ. ಆಂಟೆನಾ ಸಿಗಿಸುವ ಕಿಂಡಿ, ಗಾಳಿಯಾಡುವ ಸೀಳುಗಳು, ಕರೆಂಟಿನ ವೈರು. ಬಹಳಷ್ಟು ಸೆಟ್ಟುಗಳಲ್ಲಿ ಅಷ್ಟೇ. ದನಿಯನ್ನು ಹೊರಗೆ ಒಯ್ಯುವ ಸಾಕೆಟ್ ಇರಲೇ ಇಲ್ಲ. ಮನೆಯಲ್ಲಿ ಒಳ್ಳೆಯ ಡೆಕ್ಕು, ದೊಡ್ಡ ಸ್ಪೀಕರುಗಳು ಇದ್ದವರೂ ದೂರದರ್ಶನದ ಚಿತ್ರಹಾರದ ಹಾಡು ಹಿಡಿದಿಡಬೇಕೆಂದರೆ ಟೇಪ್‌ರೆಕಾರ್ಡರನ್ನು ಟಿ.ವಿ. ಮುಂದೆ ಇಟ್ಟು, ಮಕ್ಕಳಿಗೆ ಮಾತಾಡಬೇಡಿ ಎಂದು ಗದರಬೇಕಿತ್ತು. ಹಾಡಿನ ಜೊತೆ ಕುಕ್ಕರಿನ ಸೀಟಿಯೂ ಕ್ಯಾಸೆಟ್ಟು ಸೇರುತ್ತಿತ್ತು.

ಬೇಸರವಾಗುವುದು ಏಕೆಂದರೆ, ಆ ಪೆಟ್ಟಿಗೆಯವರೆಗೆ ಬಂದು ತಲುಪುತ್ತಿದ್ದ ದನಿ ಸಾಮಾನ್ಯದ್ದಲ್ಲ. ದೂರದರ್ಶನ ದನಿಯನ್ನು ಬಿತ್ತರಿಸುತ್ತಿದ್ದದ್ದು ಎಫ್‌.ಎಂ.ನಲ್ಲಿ. ಆ ಎಫ್‌.ಎಂ.ನ ಹಿಂದೆ ಒಬ್ಬ ಮನುಷ್ಯನ ಬದುಕೇ ಸವೆದಿದೆ. ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್‌ಗೆ ಎಫ್‌.ಎಂ.ನ ಪೇಟೆಂಟುಗಳು ಸಿಕ್ಕಿದ್ದು 1933ರಲ್ಲಿ. 1941ರಲ್ಲಿ ಅಲ್ಲಿನ ಟಿ.ವಿ. ಮಾನಕವೂ ದನಿಗೆ ಅದನ್ನೇ ಆರಿಸಿಕೊಂಡಿತು. ಆದರೆ ಡೇವಿಡ್ ಸಾರ್ನಾಫ್‌ನ ಆರ್‌ಸಿಎ ಕಂಪನಿ ರಾಯಧನ ಕೊಡಲು ಒಪ್ಪಲಿಲ್ಲ. 10 ಲಕ್ಷ ಡಾಲರ್ ಇಡಿಗಂಟು ತೆಗೆದುಕೊಂಡು ಸುಮ್ಮನಾಗಿ ಎಂದಿತು. ಬೇರೆಯವರು ರಾಯಧನ ಕೊಡುವಾಗ ನಿಮಗೇಕೆ ರಿಯಾಯಿತಿ ಎಂಬುದು ಆರ್ಮ್‌ಸ್ಟ್ರಾಂಗ್ ಹಟ. 1948ರಲ್ಲಿ ಕೋರ್ಟಿಗೆ ಹೋದರು. ವರ್ಷಗಟ್ಟಲೆ ಹೇಳಿಕೆ, ಮರುಹೇಳಿಕೆ. ಹಣ ಕರಗಿತು, ಸಂಸಾರ ಮುರಿಯಿತು. 1954ರ ಜನವರಿಯ ಕೊನೆಯಲ್ಲಿ ಅವರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಆರ್‌ಸಿಎ ಅವರ ಹೆಂಡತಿ ಮೇರಿಯನ್‌ಗೆ ಸುಮಾರು 10 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆಕೆ ಮದುವೆಗೆ ಮುಂಚೆ ಸಾರ್ನಾಫ್‌ನ ಕಾರ್ಯದರ್ಶಿಯಾಗಿದ್ದವರು! ರಾಯಧನ ಕೊಡದ ಉಳಿದ ಕಂಪನಿಗಳನ್ನೂ ಆಕೆ ಬಿಡಲಿಲ್ಲ. 1967ರವರೆಗೆ ಹೋರಾಡಿ ಗೆದ್ದರು.

ಇಷ್ಟು ಬೆಲೆ ತೆತ್ತು ಬಂದ ದನಿ ಕೊನೆಗೆ ಅಂಗೈಯಗಲದ ಸ್ಪೀಕರಿನಲ್ಲಿ ಮುಗಿದುಹೋಗುತ್ತಿತ್ತು.

ಹೊರದಾರಿ ಇರದಿದ್ದಕ್ಕೆ ಕಂಪನಿಗಳ ಜಿಪುಣತನವೇ ಕಾರಣ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಮೂಲ ಕಾರಣ 1930ರ ದಶಕದ ರೇಡಿಯೋಗಳಲ್ಲಿದೆ. ಆಗ ಹಲವು ಊರುಗಳಲ್ಲಿ ಡಿ.ಸಿ. ಕರೆಂಟು, ಅದಕ್ಕೆ ಟ್ರಾನ್ಸ್‌ಫಾರ್ಮರ್ ನಡೆಯದು. ಹಾಗಾಗಿ ವಾಲ್ವುಗಳ ಫಿಲಮೆಂಟುಗಳನ್ನು ಒಂದರ ಹಿಂದೊಂದು ಸರಪಳಿಯಾಗಿ ಪೋಣಿಸಿ, ಒಳಗಿನ ಲೋಹದ ಚೌಕಟ್ಟಾದ ಚಾಸಿಯನ್ನೇ ಮೇನ್ಸಿನ ಒಂದು ವೈರಿಗೆ ಸೇರಿಸಿದರು. ಎಲ್ಲೆಡೆ ಎ.ಸಿ. ಬಂದ ಮೇಲೂ ಟಿ.ವಿ. ತಯಾರಕರು ಈ ಪದ್ಧತಿ ಬಿಡಲಿಲ್ಲ. ಭಾರದ, ದುಬಾರಿ ಟ್ರಾನ್ಸ್‌ಫಾರ್ಮರ್ ಹಾಕುವ ಖರ್ಚು ಉಳಿಯುತ್ತಿತ್ತಲ್ಲ. ನಮ್ಮಲ್ಲಿ ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ಚುಚ್ಚಬಹುದು. ತಿರುವುಮುರುವಾದರೆ ಚಾಸಿಯ ಮೇಲೆ 230 ವೋಲ್ಟ್ ನಿಲ್ಲುತ್ತದೆ. ಆಮೇಲೆ ಬಂದ, ಎ.ಸಿ.ಯನ್ನು ಡಿ.ಸಿ. ಮಾಡಲು ಬ್ರಿಡ್ಜ್ ರೆಕ್ಟಿಫೈಯರ್ ಬಳಸುವ ಸೆಟ್ಟುಗಳಲ್ಲಂತೂ ಪ್ಲಗ್ ಹೇಗೆ ಚುಚ್ಚಿದರೂ ಚಾಸಿ ಶಾಕ್ ಹೊಡೆಯುತ್ತದೆ.

ದನಿಗೆ ಸಾಕೆಟ್ ಇಟ್ಟರೆ ಅದರ ಲೋಹವೂ ಚಾಸಿಗೇ ಸೇರುತ್ತದೆ. ಇದು ತಿಳಿಯದೆ ಹಿಂಬದಿಗೆ ತೂತು ಕೊರೆದು, ಸ್ಪೀಕರಿನ ಎರಡು ವೈರು ಎಳೆದು ಇಯರ್‌ಫೋನ್ ಸಾಕೆಟ್ ಕೂರಿಸುತ್ತಿದ್ದವರಿದ್ದರು. ಹಾಡು ಚೆನ್ನಾಗಿಯೇ ಬರುತ್ತಿತ್ತು. ಆದರೆ ಆ ಸಾಕೆಟ್ಟಿನ ಹೊಳೆಯುವ ನಟ್ಟಿಗೆ ಟೆಸ್ಟರ್ ತಾಗಿಸಿದರೆ ನಿಯಾನ್ ದೀಪ ಹೊತ್ತಿಕೊಳ್ಳುತ್ತಿತ್ತು. ವೈರಿನ ಮೂಲಕ ಅದೇ ಕರೆಂಟು ಡೆಕ್ಕಿನ ಲೋಹದ ಮೈಗೆ, ಅಲ್ಲಿಂದ ಬಟನ್ ಒತ್ತುವ ಕೈಗೆ.

ಕಾರ್ಖಾನೆಯವರು ಜೋಪಾನ ಮಾಡಿದ್ದ ಒಂದೇ ದಾರಿ ಆಂಟೆನಾ ಕಿಂಡಿ. ಅಲ್ಲಿನ ಪುಟ್ಟ ಕೆಪಾಸಿಟರ್‌ಗಳು ಟಿ.ವಿ. ಸಿಗ್ನಲ್ಲನ್ನು ಒಳಬಿಟ್ಟು, 50 ಹರ್ಟ್ಸಿನ ಮೇನ್ಸನ್ನು ತಡೆಯುತ್ತಿದ್ದವು. ವಿಸಿಆರ್ ಬಂದಾಗ ಅದನ್ನೂ ಆಂಟೆನಾ ಮೂಲಕವೇ ಜೋಡಿಸಬೇಕಾಗಿದ್ದು ಇದರಿಂದಲೇ. ಜಾಣರು ಅಷ್ಟರಲ್ಲೇ ಇನ್ನೊಂದು ದಾರಿ ಕಂಡರು. ವಿಸಿಆರ್ ಒಳಗೆ ಅದರದೇ ಟ್ಯೂನರ್ ಇತ್ತು, ಹಿಂದೆ ಆಡಿಯೊ ಔಟ್ ಇತ್ತು, ಮೇನ್ಸಿನಿಂದ ಪೂರ್ತಿ ಬೇರ್ಪಟ್ಟಿತ್ತು. ದೂರದರ್ಶನದ ದನಿ ಅಲ್ಲಿಂದ ನೇರ ಆಂಪ್ಲಿಫೈಯರಿಗೆ!

ಟಿ.ವಿ.ಗೇ ಬಾಗಿಲು ಇಡಿಸಿದ್ದು ಫ್ರಾನ್ಸ್. ಅಲ್ಲಿ ಮಾರುವ ಹೊಸ ಟಿ.ವಿ.ಗಳಿಗೆ 1980ರಿಂದ 21 ಪಿನ್ನಿನ ಸ್ಕಾರ್ಟ್ ಸಾಕೆಟ್ ಕಡ್ಡಾಯವಾಯಿತು. ಅದರ 1 ಮತ್ತು 3ನೇ ಪಿನ್ನುಗಳಲ್ಲಿ ದನಿ ಹೊರಬರುತ್ತದೆ. ಜನ ಕೈಯಲ್ಲಿ ಮುಟ್ಟುವ ಲೋಹಕ್ಕೆ ಮೇನ್ಸ್ ತಗಲಬಾರದು. ಹಾಗಾಗಿ ಚಾಸಿಯನ್ನು ಮೇನ್ಸಿನಿಂದ ಬೇರ್ಪಡಿಸುವ ಪವರ್ ಸಪ್ಲೈ ಅನಿವಾರ್ಯವಾಯಿತು. ಸ್ಕಾರ್ಟ್ ನಮ್ಮಲ್ಲಿ ನೆಲೆಯೂರಲಿಲ್ಲ, ಕೆಂಪು-ಬಿಳಿ-ಹಳದಿ ಸಾಕೆಟ್ಟುಗಳು ಬಂದವು. ನಾಲ್ಕು ದಶಕ ಕಾದರೂ ಸಿಗದ ಸೌಕರ್ಯ ಒಂದು ಸರ್ಕಾರದ ಆಜ್ಞೆಯಿಂದ ಸಿಕ್ಕಿತು. ಮೊದಲೇ ಕೊಡಬಹುದಿತ್ತು ಎಂಬ ಸಿಟ್ಟು ನನಗೆ ಇನ್ನೂ ಇದೆ.

ಅಜ್ಜನ ಕಾಲದ ಸೆಟ್ಟನ್ನು ಪ್ರೀತಿಯಿಂದ ಉಳಿಸಿಕೊಂಡವರು ದಯವಿಟ್ಟು ಅದನ್ನು ಬಿಚ್ಚಬೇಡಿ. ಕಲರ್ ಪಿಕ್ಚರ್ ಟ್ಯೂಬು 20,000 ವೋಲ್ಟ್ ದಾಟುತ್ತದೆ. ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಸೆಟ್ಟಿನಿಂದಲೇ ದನಿ ಬೇಕೆಂದರೆ ಟಿ.ವಿ. ರಿಪೇರಿ ಬಲ್ಲವರ ಹತ್ತಿರ, ಮೇನ್ಸ್ ತಡೆಯಲೆಂದೇ ತಯಾರಾದ ಐಸೊಲೇಷನ್ ಟ್ರಾನ್ಸ್‌ಫಾರ್ಮರನ್ನು ಸ್ಪೀಕರ್ ವೈರು ಮತ್ತು ಸಾಕೆಟ್ಟಿನ ನಡುವೆ ಹಾಕಿಸಿ. ಹಳೆಯ ರೇಡಿಯೋದಿಂದ ಕಿತ್ತ ಸಣ್ಣ ಆಡಿಯೊ ಟ್ರಾನ್ಸ್‌ಫಾರ್ಮರ್ ಆಗದು. ಸೆಟ್-ಟಾಪ್ ಬಾಕ್ಸ್ ಇದ್ದರೆ ಅಷ್ಟೂ ಬೇಡ: ಅದರ ಕೆಂಪು, ಬಿಳಿ ಸಾಕೆಟ್ಟಿನಿಂದ ಆಂಪ್ಲಿಫೈಯರಿಗೆ ಒಂದು ವೈರು ಎಳೆದು, ಟಿ.ವಿ.ಯ ವಾಲ್ಯೂಮ್ ಪೂರ್ತಿ ಇಳಿಸಿ.